ಕಾಲೇಜಿನಲ್ಲಿ ಎದುರು ಪಕ್ಷದ ಮಾತು ಕೇಳುವ ಕೂಟ: ಪುಣೆಯ ಕನ್ನಡ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಪುಣೆಗೆ ಓದಲು ಬಂದ ಮಕ್ಕಳಾಗಲಿ, ಇಲ್ಲಿಯೇ ಹುಟ್ಟಿ ಮನೆಯೊಳಗೆ ಮಾತ್ರ ಕನ್ನಡವಾಡುವವರಾಗಲಿ, ರಾಜಕೀಯದ ಮಾತು ಬಂದಾಗ ಸಾಮಾನ್ಯವಾಗಿ ತಮ್ಮ ಕೋಣೆಯ ಗೆಳೆಯರ ನಡುವೆಯೇ ಉಳಿಯುತ್ತಾರೆ. ಇಲ್ಲಿನ ಪ್ರತಿ ಕಾಲೇಜಿಗೂ ಒಂದು 'ಕಟ್ಟಾ' ಇದೆ. ನಮ್ಮ ಹರಟೆಕಟ್ಟೆಯ ಒಡಹುಟ್ಟಿದ ಶಬ್ದವದು. ಆದರೆ ಅಲ್ಲಿ ಒಂದು ಮೂಲೆಯಲ್ಲಿ ಒಂದು ಪಕ್ಷದವರು, ಇನ್ನೊಂದು ಮೂಲೆಯಲ್ಲಿ ಇನ್ನೊಂದು ಪಕ್ಷದವರು ಕುಳಿತು ತಮ್ಮತಮ್ಮವರ ಮಾತನ್ನೇ ಒಪ್ಪಿಕೊಳ್ಳುತ್ತ ಚಹಾ ಮುಗಿಸುತ್ತಾರೆ. ಈ ಎರಡು ಮೂಲೆಗಳನ್ನು ವಾರಕ್ಕೊಮ್ಮೆ ಒಂದೇ ಕೊಠಡಿಗೆ ತರುವುದು ಹೇಗೆಂಬುದನ್ನು ಕೆಲವು ವರ್ಷ ಇಂಥ ಕೂಟಗಳಲ್ಲಿ ಕುಳಿತ ಅನುಭವದಿಂದ ಇಲ್ಲಿ ಬರೆದಿದ್ದೇನೆ.

ಜನ ಎಂಟರಿಂದ ಹನ್ನೆರಡು ಸಾಕು. ಅದಕ್ಕಿಂತ ಹೆಚ್ಚಾದರೆ ಚರ್ಚೆ ಸಭೆಯಾಗುತ್ತದೆ, ಸಭೆಯಾದೊಡನೆ ಭಾಷಣ ಶುರುವಾಗುತ್ತದೆ. ಕಾಲೇಜಿನ ವಿದ್ಯಾರ್ಥಿ ವಿಕಾಸ ಅಧಿಕಾರಿಗೆ ಮೊದಲೇ ಒಂದು ಅರ್ಜಿ ಕೊಟ್ಟು ಕೊಠಡಿ ಕೇಳಿರಿ. ಅರ್ಜಿಯಲ್ಲಿ ವಿಷಯವನ್ನು ಮುಚ್ಚಿಡದೆ ಬರೆಯುವುದು ಒಳ್ಳೆಯದು, ಏಕೆಂದರೆ ಮುಚ್ಚಿಟ್ಟದ್ದು ನಂತರ ತಿಳಿದಾಗಲೇ ಅಧಿಕಾರಿಗಳಿಗೆ ಅನುಮಾನ ಹುಟ್ಟುವುದು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಮೊದಲ ವಿಷಯದ ಆಯ್ಕೆಯ ಬಗ್ಗೆ. ದೂರದ ದೇಶದ ಯುದ್ಧವನ್ನು ಆರಿಸಿಕೊಂಡರೆ ಎಲ್ಲರೂ ಉದಾರಿಗಳಾಗುತ್ತಾರೆ. ನಮಗೇ ಚುಚ್ಚುವ ವಿಷಯದಿಂದ ಆರಂಭಿಸಬೇಕು. ಪುಣೆಯ ಕನ್ನಡಿಗನಿಗೆ ಅಂಥ ವಿಷಯ ಬೆಳಗಾವಿ ಗಡಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಕವಾಗಿ, 1967ರಲ್ಲಿ ವರದಿ ಕೊಟ್ಟಿತು. ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಇಷ್ಟು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆದರೆ ಅದೇ ವರದಿ ಬೆಳಗಾವಿ ನಗರವನ್ನು ನಮಗೆ ಉಳಿಸಿ, ನಿಪ್ಪಾಣಿ, ಖಾನಾಪುರಗಳನ್ನೊಳಗೊಂಡ ಸುಮಾರು 264 ಊರುಗಳನ್ನು ಮಹಾರಾಷ್ಟ್ರಕ್ಕೂ, ಅಕ್ಕಲಕೋಟ, ಜತ್ತ ಮತ್ತು ದಕ್ಷಿಣ ಸೊಲ್ಲಾಪುರ ಕಡೆಯ ಸುಮಾರು 247 ಊರುಗಳನ್ನು ನಮಗೂ ಕೊಡಲು ಶಿಫಾರಸು ಮಾಡಿತ್ತೆಂಬುದು ಎರಡೂ ಕಡೆಯ ಹುಡುಗರಿಗೆ ಹೊಸ ಸುದ್ದಿ. ಮಹಾಜನ್ ವರದಿಯೇ ಅಂತಿಮವೆನ್ನುವ ಕನ್ನಡಿಗನು ಖಾನಾಪುರದ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ; ಹಳ್ಳಿಯನ್ನೇ ಘಟಕವಾಗಿಟ್ಟು ಭಾಷೆ ಎಣಿಸಬೇಕೆನ್ನುವ ಮರಾಠಿ ಗೆಳೆಯನು ಅಕ್ಕಲಕೋಟದ ಕನ್ನಡ ಹಳ್ಳಿಗಳ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಇಬ್ಬರೂ ಒಂದು ಕ್ಷಣ ಸುಮ್ಮನಾದಾಗ ಕೂಟ ನಿಜವಾಗಿ ಆರಂಭವಾಯಿತೆಂದು ತಿಳಿಯಿರಿ.

ಕೂಟಕ್ಕೆ ನಾನು ಒಂದೇ ಕಟ್ಟುನಿಟ್ಟಿನ ನಿಯಮವನ್ನು ಹೇಳುತ್ತೇನೆ. ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತಕ್ಕೆ ಮುನ್ನ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಹೇಳುತ್ತಿದ್ದರಲ್ಲ, ಹಾಗೆಯೇ ಮೊದಲ ಅರ್ಧ ಗಂಟೆ ಪ್ರತಿಯೊಬ್ಬರೂ ತಾವು ಒಪ್ಪದ ಪಕ್ಷದ ಪರವಾಗಿಯೇ ಮಾತನಾಡಬೇಕು. ಕನ್ನಡಿಗನು ಮಹಾರಾಷ್ಟ್ರದ ವಾದವನ್ನು, ಸಾಧ್ಯವಾದರೆ ಮರಾಠಿಯಲ್ಲೇ ಮಂಡಿಸಲಿ. "ಹೌದು, ನನ್ನ ಮಾತು ಇದೇ" ಎಂದು ಎದುರಿನವನು ಒಪ್ಪುವವರೆಗೆ ಖಂಡನೆಗೆ ಅವಕಾಶವಿಲ್ಲ. ಮೊದಲ ಸಲ ಎಲ್ಲರೂ ಎದುರಾಳಿಯ ವಾದವನ್ನು ಬೇಕೆಂದೇ ಪೆದ್ದುಪೆದ್ದಾಗಿ ಹೇಳುತ್ತಾರೆ. ಹಾಗೆ ಹೇಳಿದವರನ್ನು ಮತ್ತೆ ಮೊದಲಿನಿಂದ ಹೇಳಿಸಬೇಕು. ಇದಕ್ಕೆ ತಾಳ್ಮೆ ಬೇಕು. ನಡುವೆ ಒಂದು ಸುತ್ತು ಚಹಾ ಇದ್ದರೆ ಒಳ್ಳೆಯದು.

ಓದಿಗೆ ಎರಡು ಕಡೆಯ ಒಂದೊಂದು ಬರಹದ ಜೊತೆಗೆ ಯಾರಿಗೂ ಪೂರ್ತಿ ಹಿತವಾಗದ ಮೂರನೆಯದೊಂದನ್ನು ಇಡಿರಿ. ಭಾಷಾವಾರು ಪ್ರಾಂತಗಳ ಬಗ್ಗೆ ಅಂಬೇಡ್ಕರರು 1955ರಲ್ಲಿ ಬರೆದ ಕಿರುಪುಸ್ತಕ ಅಂಥದು: ಒಂದು ರಾಜ್ಯಕ್ಕೆ ಒಂದು ಭಾಷೆಯಿರಲಿ, ಆದರೆ ಒಂದು ಭಾಷೆಯವರೆಲ್ಲರಿಗೂ ಒಂದೇ ರಾಜ್ಯ ಬೇಕಿಲ್ಲ ಎಂದ ಅವರು, ಮಹಾರಾಷ್ಟ್ರವನ್ನೇ ನಾಲ್ಕು ಭಾಗ ಮಾಡಬೇಕೆಂದು ಸೂಚಿಸಿದ್ದರು. ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಅವರ ಬರಹ-ಭಾಷಣಗಳ ಮೊದಲ ಸಂಪುಟದಲ್ಲಿ ಅದು ಸಿಗುತ್ತದೆ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ಆರಂಭಿಸಿದ ಪುಣೆಯ 'ವಸಂತ ವ್ಯಾಖ್ಯಾನಮಾಲೆ' ಎಂಬ ಭಾಷಣ ಸರಣಿಗೂ ಬೇಸಗೆಯಲ್ಲಿ ಒಂದೆರಡು ಸಂಜೆ ಹೋಗಿ ಬನ್ನಿ, ಮೆಚ್ಚಿದ ಭಾಷಣಕಾರರು ಬರುವ ದಿನವನ್ನು ಬಿಟ್ಟು.

ಮೊಬೈಲುಗಳು ಬ್ಯಾಗಿನೊಳಗೆ ಇರಲಿ. ನಾನು ಕಂಡ ಒಂದು ಕೂಟದಲ್ಲಿ ಹುಡುಗಿಯೊಬ್ಬಳು ಪೂರ್ವಪಕ್ಷವಾಗಿ ಹೇಳಿದ ಮಾತನ್ನು ಯಾರೋ ಮುದ್ರಿಸಿಕೊಂಡು, ಅವಳದೇ ಅಭಿಪ್ರಾಯವೆಂಬಂತೆ ಹಾಸ್ಟೆಲಿನಲ್ಲಿ ಹರಡಿದರು. ಮುಂದಿನ ವಾರ ನಾಲ್ಕು ಕುರ್ಚಿಗಳು ಖಾಲಿಯಿದ್ದವು.

ಇಂಥ ಕೂಟದಿಂದ ಎಲ್ಲರೂ ಗೆಳೆಯರಾಗುತ್ತಾರೆಂದು ನಾನು ಹೇಳಲಾರೆ. ಸಮಾಜ ಸುಧಾರಕ ಆಗರ್ಕರ್ ಮತ್ತು ತಿಲಕರು 1882ರಲ್ಲಿ ಒಂದೇ ಸೆರೆಮನೆಯಲ್ಲಿ 101 ದಿನ ಕಳೆದವರು, 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜಿಗೆ ಒಟ್ಟಾಗಿ ದುಡಿದವರು. ಸಮಾಜ ಸುಧಾರಣೆ ಮೊದಲೋ ಸ್ವರಾಜ್ಯ ಮೊದಲೋ ಎಂಬ ವಾದದಲ್ಲಿ ಅವರ ಸ್ನೇಹವೇ ಮುರಿಯಿತು. ಆಗರ್ಕರ್ 'ಕೇಸರಿ' ಪತ್ರಿಕೆಯನ್ನು ಬಿಟ್ಟು 1888ರಲ್ಲಿ 'ಸುಧಾರಕ'ವನ್ನು ಆರಂಭಿಸಿದರು, ತಿಲಕರು 1890ರಲ್ಲಿ ಕಾಲೇಜಿನ ಸಂಸ್ಥೆಯಿಂದಲೇ ಹೊರನಡೆದರು. ಆದರೂ ಇಬ್ಬರ ಬರಹಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಭಾಗ್ಯ ಪುಣೆಗೆ ದಕ್ಕಿತು. ಆದ್ದರಿಂದ ಯಾರಾದರೂ ಸಿಟ್ಟಿನಿಂದ ಎದ್ದು ಹೋದರೆ ಬೆನ್ನುಹತ್ತಿ ಸಮಾಧಾನ ಮಾಡುವ ಅವಸರ ಬೇಡ. ಎರಡು ದಿನ ಬಿಟ್ಟು ಒಬ್ಬರು ಮಾತ್ರ ಹೋಗಿ, ವಾದವನ್ನು ಕೆದಕದೆ, ಮುಂದಿನ ಕೂಟದ ದಿನವನ್ನಷ್ಟೇ ತಿಳಿಸಿ ಬರಲಿ.

ಮುಂದಿನ ವಿಷಯವನ್ನು ಆ ದಿನ ಎಲ್ಲರಿಗಿಂತ ಕಡಿಮೆ ಮಾತನಾಡಿದವರು ಆರಿಸಲಿ. ಅವರು ಮೀಸಲಾತಿಯನ್ನೋ ವಿದ್ಯಾರ್ಥಿ ಚುನಾವಣೆಯನ್ನೋ ಹೇಳಿದರೆ, ಅದರ ಮೂರು ಓದುಗಳನ್ನು ಹುಡುಕಿ ತರುವ ಕೆಲಸ ಎಲ್ಲರಿಗಿಂತ ಹೆಚ್ಚು ಮಾತನಾಡಿದವರಿಗೆ.