ಕೆ3ಎಸ್ ಸ್ಟಾಪ್ ಮಾಡಿದ್ರೂ ಕಂಟೇನರ್ ಓಡ್ತಾನೇ ಇರತ್ತಲ್ಲ, ಯಾಕೆ?

ಚಿಕ್ಕ ಸರ್ವರ್‌ನಲ್ಲಿ ಕಂಟೇನರ್ (ಆಪ್ ಮತ್ತೆ ಅದಕ್ಕೆ ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಪೊಟ್ಟಣ) ಓಡಿಸೋರು ತುಂಬ ಜನ ಈಗ ಕೆ3ಎಸ್ ಹಾಕ್ಕೋತಾರೆ, ಕಂಟೇನರ್‌ಗಳನ್ನ ನೋಡ್ಕೊಳ್ಳೋ ಕುಬರ್ನೆಟಿಸ್ ಅನ್ನೋ ಸಾಫ್ಟ್‌ವೇರ್‌ದೇ ಹಗುರವಾದ ರೂಪ ಇದು, ರ್‍ಯಾಂಚರ್ ಲ್ಯಾಬ್ಸ್‌ನೋರು 2019ರಲ್ಲಿ ಹೊರಗೆ ತಂದಿದ್ದು. ಶುರು ಮಾಡೋದು ಸುಲಭ, ನಿಲ್ಲಿಸೋವಾಗ್ಲೇ ಎಡವಟ್ಟಾಗೋದು, ಹಾಗಾಗಿ ಅದನ್ನೇ ಮೊದಲು ನೋಡೋಣ.

ಮೊದಲು ಸರ್ವೀಸ್ ಹೆಸರು ಸರಿಯಾಗಿ ತಿಳ್ಕೊಳ್ಳಿ. ಮುಖ್ಯ ಸರ್ವರ್‌ನಲ್ಲಿ ಅದರ ಹೆಸರು ಕೆ3ಎಸ್, ಕೆಲಸ ಮಾಡೋ ಬೇರೆ ನೋಡ್‌ಗಳಲ್ಲಿ (ನೋಡ್ ಅಂದ್ರೆ ಇದಕ್ಕೆ ಸೇರಿರೋ ಒಂದೊಂದು ಯಂತ್ರ) ಕೆ3ಎಸ್-ಏಜೆಂಟ್. ‘ಸುಡೋ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೆ3ಎಸ್’ ಅಂತ ಕೊಟ್ರೆ ಓಡ್ತಿದ್ಯೋ ಇಲ್ವೋ ಗೊತ್ತಾಗತ್ತೆ.

ಒಂದಕ್ಕಿಂತ ಹೆಚ್ಚು ನೋಡ್ ಇದ್ರೆ ನಿಲ್ಲಿಸೋಕೆ ಮುಂಚೆ ‘ಕ್ಯೂಬ್‌ಸಿಟಿಎಲ್ ಡ್ರೇನ್’ (ಕ್ಯೂಬ್‌ಸಿಟಿಎಲ್ ಅಂದ್ರೆ ಕುಬರ್ನೆಟಿಸ್‌ಗೆ ಆಜ್ಞೆ ಕೊಡೋ ಟೂಲ್) ಅಂತ ಹಾಕಿ ಮುಂದೆ ಆ ನೋಡ್ ಹೆಸರು, ‘--ಇಗ್ನೋರ್-ಡೀಮನ್‌ಸೆಟ್ಸ್’ ಸೇರಿಸಿ, ಆಗ ಅಲ್ಲಿರೋ ಪಾಡ್‌ಗಳು (ಒಟ್ಟಿಗೆ ಓಡೋ ಒಂದೋ ಹೆಚ್ಚೋ ಕಂಟೇನರ್‌ಗಳ ಗುಂಪು) ಬೇರೆ ನೋಡ್‌ಗೆ ಹೋಗತ್ವೆ. ಡ್ರೇನ್ ಮಾಡದೆ ಆಫ್ ಮಾಡಿದ್ರೆ ಆ ನೋಡ್ ಸತ್ತಿದೆ ಅಂತ ಕ್ಲಸ್ಟರ್‌ಗೆ (ಎಲ್ಲಾ ನೋಡ್ ಸೇರಿದ ಗುಂಪಿಗೆ) ಗೊತ್ತಾದ್ಮೇಲೂ ಪಾಡ್‌ಗಳನ್ನ ಅಲ್ಲಿಂದ ಎತ್ತೋಕೆ ಡಿಫಾಲ್ಟ್ ಆಗಿ ಇನ್ನೂ 5 ನಿಮಿಷ ಕಾಯತ್ತೆ, ಅಲ್ಲಿವರೆಗೂ ಬಳಸೋರು ಸುಮ್ನೆ ಒದ್ದಾಡ್ಬೇಕು.

ಈಗ ‘ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೆ3ಎಸ್’. ಸರ್ವೀಸ್ ನಿಂತಿತು, ಕ್ಯೂಬ್‌ಸಿಟಿಎಲ್ ಉತ್ತರ ಕೊಡಲ್ಲ, ಆದ್ರೆ ಕಂಟೇನರ್‌ಗಳು ಹಾಗೇ ಓಡ್ತಿರತ್ವೆ! ಇದು ಬಗ್ ಅಲ್ಲ. ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನ ಶುರು ಮಾಡಿ ನಿಲ್ಲಿಸೋದು ಸಿಸ್ಟಮ್‌ಡಿ, ಅದರ ಯೂನಿಟ್ ಫೈಲ್‌ನಲ್ಲಿ (ಸರ್ವೀಸ್‌ನ ಸೆಟ್ಟಿಂಗ್ ಫೈಲ್) ಕಿಲ್‌ಮೋಡ್ ಅನ್ನೋದನ್ನ ಪ್ರೋಸೆಸ್ ಅಂತ ಇಟ್ಟಿದ್ದಾರೆ, ಅಂದ್ರೆ ಮುಖ್ಯ ಪ್ರೋಸೆಸ್ ಮಾತ್ರ ಸಾಯತ್ತೆ, ಕೆ3ಎಸ್ ಅಪ್‌ಗ್ರೇಡ್ ಮಾಡೋವಾಗ ಆಪ್ ನಿಲ್ಲಬಾರ್ದು ಅಂತ ಬೇಕಂತಲೇ ಮಾಡಿರೋದು, ಒಳ್ಳೇ ಯೋಚನೆ. ಒಂದೇ ತೊಂದ್ರೆ, ಆ ಹೊತ್ತಲ್ಲಿ ಯಾವ್ದಾದ್ರೂ ಕಂಟೇನರ್ ಬಿದ್ರೆ ಅದನ್ನ ಮತ್ತೆ ಎಬ್ಬಿಸೋರು ಯಾರೂ ಇರಲ್ಲ.

ಎಲ್ಲಾ ಪೂರ್ತಿ ನಿಲ್ಲಬೇಕು ಅಂದ್ರೆ ‘ಕೆ3ಎಸ್-ಕಿಲ್‌ಆಲ್’ ಸ್ಕ್ರಿಪ್ಟ್ ಓಡಿಸ್ಬೇಕು, ಕೆ3ಎಸ್ ಜೊತೆಗೇ ಬಂದಿರತ್ತೆ. ಆದ್ರೆ ಇದು ಕಂಟೇನರ್‌ಗಳನ್ನ ಕಿಲ್ ಮೈನಸ್ 9ರಲ್ಲಿ, ಅಂದ್ರೆ ಮುನ್ಸೂಚನೆನೇ ಇಲ್ದೆ ತಕ್ಷಣ, ಕೊಲ್ಲತ್ತೆ, ಒಳಗೆ ಪೋಸ್ಟ್‌ಗ್ರೆಸ್ ಥರ ಡೇಟಾಬೇಸ್ ಇದ್ರೆ ಅದಕ್ಕೆ ಬರಿಯೋದು ಮುಗ್ಸೋಕೂ ಟೈಮ್ ಸಿಗಲ್ಲ. ದಯವಿಟ್ಟು ಸ್ಟಾಪ್ ಕೊಡೋಕೂ ಮೊದ್ಲು ‘ಕ್ಯೂಬ್‌ಸಿಟಿಎಲ್ ಸ್ಕೇಲ್’ ಹಾಕಿ ಅದರ ರೆಪ್ಲಿಕಾ (ಓಡ್ಬೇಕಾದ ಪಾಡ್‌ಗಳ ಸಂಖ್ಯೆ) 0 ಮಾಡಿ, ಪಾಡ್ ಹೋಗಿದ್ದು ನೋಡ್ಕೊಂಡು ಮುಂದುವರಿಯಿರಿ. ಕಿಲ್‌ಆಲ್ ಕ್ಲಸ್ಟರ್ ಡೇಟಾ ಅಳಿಸಲ್ಲ, ಹೆದರ್ಬೇಡಿ, ಅಳಿಸೋದು ‘ಕೆ3ಎಸ್-ಅನ್‌ಇನ್‌ಸ್ಟಾಲ್’, ಅದರ ಹತ್ರ ಹೋಗ್ಬೇಡಿ. ಒಂದೇ ಸರ್ವರ್ ಇದ್ರೆ ಕ್ಲಸ್ಟರ್ ಡೇಟಾ ಇಡೋಕೆ ಡಿಫಾಲ್ಟ್ ಆಗಿ ಎಸ್‌ಕ್ಯೂಎಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಇರತ್ತೆ, ಎಲ್ಲಾ ನಿಂತಿರೋವಾಗ್ಲೇ ಅದರ ಡಿಬಿ ಫೋಲ್ಡರ್ ಮತ್ತೆ ಟೋಕನ್ ಫೈಲ್ (ಕ್ಲಸ್ಟರ್‌ನ ಗುಟ್ಟಿನ ಕೀ ಇರೋದು) ಎರಡನ್ನೂ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ.

ಶುರು ಮಾಡೋವಾಗ ಮೊದಲು ಮುಖ್ಯ ಸರ್ವರ್, ಆಮೇಲೆ ಏಜೆಂಟ್‌ಗಳು, ಯಾಕಂದ್ರೆ ಏಜೆಂಟ್‌ಗಳು ಸರ್ವರ್‌ನ 6443 ಪೋರ್ಟ್‌ಗೆ ಬಂದು ಸೇರ್ಬೇಕು. ‘ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಕೆ3ಎಸ್’ ಕೊಟ್ಟು ಇನ್ನೊಂದು ಟರ್ಮಿನಲ್‌ನಲ್ಲಿ ‘ಸುಡೋ ಜರ್ನಲ್‌ಸಿಟಿಎಲ್ -ಯು ಕೆ3ಎಸ್ -ಎಫ್’ ಓಡಿಸಿ ಲಾಗ್ ನೋಡ್ತಿರಿ. ‘ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್’ನಲ್ಲಿ ಎಲ್ಲಾ ರೆಡಿ ಅಂತ ಬಂದ್ಮೇಲೆ ಡ್ರೇನ್ ಮಾಡಿದ್ದ ನೋಡ್‌ಗೆ ‘ಅನ್‌ಕಾರ್ಡನ್’ ಕೊಡಿ, ಇಲ್ಲಾಂದ್ರೆ ಹೊಸ ಪಾಡ್ ಅಲ್ಲಿಗೆ ಬರೋದೇ ಇಲ್ಲ. 0 ಮಾಡಿದ್ದ ಡೇಟಾಬೇಸ್ ರೆಪ್ಲಿಕಾನೂ ವಾಪಸ್ ಏರಿಸಿ.