ಟೇಪ್ ಎಲ್ಲಿಂದ ಹಿಡಿಯಬೇಕು?

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮದು ಸೆಮಿ ಡಿಟ್ಯಾಚ್ಡ್ ಮನೆ, ಅಂದರೆ ಒಂದು ಬದಿಯ ಗೋಡೆ ಪಕ್ಕದ ಮನೆಗೆ ಅಂಟಿಕೊಂಡದ್ದು. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ಉಳಿಯಬೇಕು. ಹಿಂದಕ್ಕೆ ಮೂರು ಮೀಟರ್ ಬೆಳೆಸೋಣ ಅಂದುಕೊಂಡೆವು. ಇಂಥ ಮನೆಯ ಹಿಂಬದಿಗೆ ಒಂದಂತಸ್ತು 3 ಮೀಟರ್‌ವರೆಗೆ ಸಾಮಾನ್ಯವಾಗಿ ಕಟ್ಟಲು ಅನುಮತಿ ಕೇಳುವ ಪ್ಲ್ಯಾನಿಂಗ್ ಅರ್ಜಿಯೇ ಬೇಡ; ಒಂಟಿ ಮನೆಯಾದರೆ 4. ಎತ್ತರ 4 ಮೀಟರ್ ದಾಟಬಾರದು, ಬೇಲಿಗೆ 2 ಮೀಟರ್‌ಗಿಂತ ಹತ್ತಿರ ಬಂದರೆ ಸೂರು 3 ಮೀಟರ್ ಮೀರಬಾರದು. ಇಷ್ಟು ಓದಿಕೊಂಡು ಟೇಪ್ ಹಿಡಿದೆ.

ನಕ್ಷೆ ಬರೆಯುವವರು ಬಂದವರೇ ನಮ್ಮ ಮನೆಯ ಬದಿಗೋಡೆಯ ಮುಂದೆ ನಿಂತುಬಿಟ್ಟರು. ಇಟ್ಟಿಗೆಗಳ ನಡುವೆ ಮೇಲಿಂದ ಕೆಳಗೆ ನೆಟ್ಟಗೆ ಒಂದು ಗೆರೆ. ಅದರಾಚೆ ಇಟ್ಟಿಗೆ ತುಸು ಮಾಸಲು, ಗಾರೆಯ ಬಣ್ಣವೂ ಬೇರೆ. ನಾಲ್ಕು ವರ್ಷ ಅಲ್ಲೇ ಬಟ್ಟೆ ಒಣಹಾಕಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ! ಹಿಂದೆ ಇದ್ದವರು ಯಾವಾಗಲೋ 2 ಮೀಟರ್ ಸೇರಿಸಿದ್ದರು. ನಿಯಮ ಎಣಿಸುವುದು 'ಮೂಲ ಮನೆ'ಯಿಂದ: ಮೊದಲು ಕಟ್ಟಿದಂತೆ, ಹಳೆಯದಾದರೆ 1948ರ ಜುಲೈ 1ರಂದು ಇದ್ದಂತೆ. ಸೇರಿಸಿದವರು ಯಾರೇ ಆಗಲಿ, ಲೆಕ್ಕ ಮನೆಯ ತಲೆಗೆ. ನಮಗೆ ಉಳಿದದ್ದು ಒಂದೇ ಮೀಟರ್. ಬೆಂಗಳೂರಿನಲ್ಲಿ ಸೆಟ್‌ಬ್ಯಾಕ್ ಅಂತ ಕಾಂಪೌಂಡಿನಿಂದ ಒಳಕ್ಕೆ ಅಳೆದು ರೂಢಿಯಾದ ತಲೆ ನನ್ನದು. ಇಲ್ಲಿ ಗೋಡೆಯಿಂದ ಹೊರಕ್ಕೆ.

ಇನ್ನೊಂದು ದಾರಿ ಇತ್ತು, ಪ್ರಯರ್ ಅಪ್ರೂವಲ್ ಅಂತ, ಕಟ್ಟುವ ಮೊದಲು ಪಡೆಯುವ ಒಪ್ಪಿಗೆ. ಅದರಲ್ಲಿ ಸೆಮಿ ಮನೆಗೆ 6 ಮೀಟರ್‌ವರೆಗೆ ಅವಕಾಶ. ನಮ್ಮದು ಹಳೆಯದೂ ಸೇರಿ 5. ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಅಕ್ಕಪಕ್ಕದವರಿಗೆ ಪತ್ರ ಹಾಕುತ್ತದೆ. ಅವರು ತಕರಾರು ಎತ್ತಿದರೆ ಮಾತ್ರ ಅವರಿಗಾಗುವ ತೊಂದರೆ ಎಷ್ಟು ಅಂತ ತೂಗಿನೋಡುತ್ತದೆ. ಎಲ್ಲ ಸೇರಿ 42 ದಿನ. ಪತ್ರ ತಲುಪುವ ಮೊದಲೇ ನಾನು ನಕ್ಷೆ ಹಿಡಿದು ಪಕ್ಕದ ಅಜ್ಜಿಯ ಮನೆಗೆ ಹೋದೆ. ಅವರು ನಕ್ಷೆ ನೋಡಲೇ ಇಲ್ಲ. ಸಿಂಕಿನ ಮುಂದೆ ನಿಲ್ಲಿಸಿ, "ಬೆಳಿಗ್ಗೆ ಇಲ್ಲಿ ಬಿಸಿಲು ಬೀಳುತ್ತದೆ, ಅದು ಉಳಿಯುತ್ತದಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು, ಅವರ ಕಡೆಗೆ ಚಾವಣಿ ಇಳಿಜಾರು ಮಾಡಿಸಿ ಸೂರನ್ನು 2.4 ಮೀಟರ್‌ಗೆ ತಗ್ಗಿಸಿದೆವು. ತಕರಾರು ಬರಲಿಲ್ಲ.

ಇದಲ್ಲದೆ, ಪಕ್ಕದವರ ಗೋಡೆಯಿಂದ 3 ಮೀಟರ್ ಅಂತರದೊಳಗೆ, ಅವರ ಅಡಿಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೆ, ನೆರೆಹೊರೆಯ ಗೋಡೆಗಳ ಕುರಿತ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಒಂದು ತಿಂಗಳು ಮುಂಚೆ ಅವರಿಗೆ ನೋಟಿಸ್ ಕೊಡಬೇಕು. 14 ದಿನದಲ್ಲಿ ಲಿಖಿತ ಒಪ್ಪಿಗೆ ಬಾರದಿದ್ದರೆ ವ್ಯಾಜ್ಯ ಅಂತಲೇ ಅರ್ಥ, ಅದನ್ನು ಬಗೆಹರಿಸುವ ಸರ್ವೇಯರ್ ಖರ್ಚು ಹೆಚ್ಚಾಗಿ ಕಟ್ಟುವವರದ್ದೇ. ಅಜ್ಜಿ ಸಹಿ ಹಾಕಿಕೊಟ್ಟರು.

ಪ್ಲ್ಯಾನಿಂಗ್ ಮುಗಿದರೆ ಎಲ್ಲ ಮುಗಿಯಿತು ಅಂದುಕೊಂಡದ್ದು ಎರಡನೆಯ ತಪ್ಪು. ಕಟ್ಟಡ ಗಟ್ಟಿಯಾಗಿ, ಸುರಕ್ಷಿತವಾಗಿ ಇರಬೇಕೆನ್ನುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇರೆಯೇ. ಇನ್‌ಸ್ಪೆಕ್ಟರ್ ಪಾಯದ ಗುಂಡಿಗೆ ಬಗ್ಗಿ, ಜೇಡಿಮಣ್ಣಿನಲ್ಲಿ ಕೂದಲೆಳೆಯಷ್ಟು ಸಣ್ಣ ಮರದ ಬೇರೊಂದನ್ನು ಕಿತ್ತು ತೋರಿಸಿ, "ಪಾಯ ಬೇರು ಸಿಗದ ಆಳಕ್ಕೆ ಹೋಗಬೇಕು, ಇನ್ನೂ ಅರ್ಧ ಮೀಟರ್ ಇಳಿಯಿರಿ" ಅಂದರು. ಕಾಂಕ್ರೀಟಿನ ಬಿಲ್ಲು ಅಷ್ಟಕ್ಕೇ ಏರಿತು.

ಕೆಲಸ ನಿಯಮದಂತೆ ಮುಗಿದಿದೆ ಅನ್ನುವ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ದಿನ ಕಾಗದಗಳನ್ನೆಲ್ಲ ಒಂದೇ ಫೈಲಿಗೆ ಸೇರಿಸಿ, ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟೆ: 'ಮೂಲ ಗೋಡೆಯಿಂದ 5 ಮೀಟರ್.'