ಭೀಮನಿಗೆ ಕೋಳಿ ಆಗಿಬರಲ್ಲ: ಬೆಕ್ಕಿನ ಹಸಿ ಊಟಕ್ಕೆ ನಾನು ಮಾಂಸ ಆರಿಸಿದ ಕತೆ

ನಮ್ಮ ಮನೆಯಲ್ಲಿ ಎರಡು ಬೆಕ್ಕು. ಚಿಕ್ಕಿಗೆ ಏನು ಹಾಕಿದರೂ ನಡೆಯುತ್ತದೆ. ಭೀಮನಿಗೆ ಕೋಳಿ ಆಗಿಬರಲ್ಲ. ಇಷ್ಟು ಗೊತ್ತಾಗೋಕೆ ನನಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. ಅಷ್ಟರಲ್ಲಿ ಅವನು ಗದ್ದದ ಕೆಳಗೆ, ಕಿವಿಯ ಮುಂದೆ ಕೆರೆದು ಕೆರೆದು ಕೂದಲೆಲ್ಲ ಉದುರಿಸಿಕೊಂಡಿದ್ದ. ನಾನು ಚಿಗಟ ಅಂದುಕೊಂಡು ಕತ್ತಿಗೆ ಔಷಧಿ ಹಾಕಿದೆ, ಅವನು ಮಲಗುವ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ಒಗೆದೆ. ಏನೂ ಕಡಿಮೆ ಆಗಲಿಲ್ಲ.

"ಏನು ತಿನ್ನಿಸ್ತೀರಿ?" ಅಂತ ಡಾಕ್ಟ್ರು ಕೇಳಿದರು.

"ಹಸಿ ಕೋಳಿ ಸಾರ್. ಮನೆಯಲ್ಲೇ ಮಾಡ್ತೀನಿ."

"ಬರೀ ಕೋಳೀನಾ?"

ಬರೀ ಕೋಳಿಯೇ. ಅಗ್ಗ, ಯಾವಾಗ ಹೋದರೂ ಸಿಗುತ್ತದೆ, ಕತ್ತರಿಸೋಕೆ ಸುಲಭ. ಬೇರೆ ಮಾಂಸದ ಯೋಚನೆಯೇ ನನಗೆ ಬಂದಿರಲಿಲ್ಲ.

ಬೆಕ್ಕಿಗೆ ತಿನ್ನುವುದರಿಂದ ಅಲರ್ಜಿ ಬಂದಿದ್ದರೆ ಹೆಚ್ಚಾಗಿ ಕಾರಣ ಮೂರರಲ್ಲಿ ಒಂದು: ದನದ ಮಾಂಸ, ಮೀನು, ಇಲ್ಲವೇ ಕೋಳಿ. ರಕ್ತ ಪರೀಕ್ಷೆಯನ್ನು ಇದಕ್ಕೆ ನಂಬುವಂತಿಲ್ಲ. ಬೆಕ್ಕು ಈವರೆಗೆ ತಿಂದೇ ಇಲ್ಲದ ಒಂದು ಮಾಂಸವನ್ನು ಹಿಡಿದು, ಎಂಟು ವಾರ ಅದೊಂದನ್ನೇ ಕೊಡಬೇಕು. ತುರಿಕೆ ನಿಂತರೆ ಹಳೆಯದನ್ನು ಮತ್ತೆ ಕೊಟ್ಟು, ತುರಿಕೆ ವಾಪಸ್ ಬರುತ್ತದಾ ನೋಡಬೇಕು. ಹಸಿ ಮಾಂಸ ಬೇಡವೇ ಬೇಡ, ಬೇಯಿಸಿ ಕೊಡಿ ಅಂತಲೂ ಡಾಕ್ಟ್ರು ಹೇಳಿದರು. ಅವರ ಮಾತನ್ನು ನಾನು ಅರ್ಧ ಕೇಳಿದೆ. ಉಳಿದರ್ಧ ಯಾವಾಗ ಕೇಳಿದೆ ಅನ್ನೋದು ಮುಂದೆ ಬರುತ್ತದೆ.

ನಾನು ಕರಾವಳಿಯವಳು, ಇರೋದು ಮೈಸೂರಲ್ಲಿ. ಊರಲ್ಲಿ ಅಮ್ಮ ಬೂತಾಯಿ ಕೊಯ್ಯಲು ಕೂತರೆ ಮೆಟ್ಟುಕತ್ತಿಯ ಸುತ್ತ ಮೂರು ಬೆಕ್ಕು ಬಾಲ ಸುತ್ತಿಕೊಂಡು ಕೂರುತ್ತಿದ್ದವು. ಹಾಗಾಗಿ ನನಗೆ ಮೊದಲು ನೆನಪಾದದ್ದು ಮೀನೇ. ಫೋನ್ ಮಾಡಿದಾಗ ಅಮ್ಮನದೂ ಅದೇ ಮಾತು: "ಮೀನಿನ ತಲೆ ಹಾಕು ಮಾರಾಯ್ತಿ. ಬೆಕ್ಕಿಗೆ ಇಷ್ಟೆಲ್ಲ ಉಪಚಾರ ಉಂಟಾ?" ಆದರೆ ಊರಿನ ಬೆಕ್ಕುಗಳು ಮೀನಿನ ತಲೆ ತಿಂದು ಸುಮ್ನೆ ಮಲಗುತ್ತಿರಲಿಲ್ಲ. ಹೋಗಿ ಇಲಿ, ಹಲ್ಲಿ, ಓತಿಕ್ಯಾತ ಹಿಡಿಯುತ್ತಿದ್ದವು. ಭೀಮ ಮೂರನೇ ಮಹಡಿಯ ಫ್ಲ್ಯಾಟಿನವನು. ಬಟ್ಟಲಿಗೆ ನಾನು ಏನು ಹಾಕುತ್ತೇನೋ ಅಷ್ಟೇ ಅವನ ಪಾಲು. ಬೂತಾಯಿಯ ಜಾತಿಯ ಹಲವು ಮೀನುಗಳಲ್ಲಿ, ಹಸಿಯಾಗಿದ್ದಾಗ, ಥಯಮಿನೇಸ್ ಅನ್ನೋ ಕಿಣ್ವ ಇರುತ್ತದೆ. ಅದು ಬಿ1 ವಿಟಮಿನ್ನನ್ನು ಹಾಳು ಮಾಡುತ್ತದೆ. ದಿನಾ ಅದನ್ನೇ ತಿಂದ ಬೆಕ್ಕಿಗೆ ಕತ್ತು ಕೆಳಗೆ ಬಾಗಿ, ನಡಿಗೆ ತಪ್ಪಿ, ಫಿಟ್ಸ್ ಕೂಡ ಬರಬಹುದು. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಅದಿರಲಿ, ಅಲರ್ಜಿಯ ಮೂರು ಹೆಸರಲ್ಲಿ ಮೀನೂ ಇದೆಯಲ್ವಾ? ಬಿಟ್ಟೆ.

ಎಮ್ಮೆ ಮಾಂಸದ ಯೋಚನೆಯೂ ಬಂತು. 2020ರ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣವನ್ನಷ್ಟೇ ಕಡಿಯಬಹುದು, ಅದಕ್ಕೂ ಅನುಮತಿ ಬೇಕು. ಹಾಗಾಗಿ ವಾರ ವಾರ ಸಿಕ್ಕೇ ಸಿಗುತ್ತದೆ ಅನ್ನೋ ಹಾಗಿಲ್ಲ. ಐದನೇ ವಾರ ಮಾಂಸ ಸಿಗಲಿಲ್ಲ ಅಂದರೆ ಪರೀಕ್ಷೆ ಮತ್ತೆ ಒಂದನೇ ದಿನದಿಂದ ಶುರು. ಹಂದಿಯಲ್ಲಿ ಹುಳದ ಕಾಟ ಜಾಸ್ತಿ, ಅದನ್ನು ಹಸಿಯಾಗಿ ಕೊಡುವ ಧೈರ್ಯ ನನಗಿಲ್ಲ. ಬಾತುಕೋಳಿ, ಟರ್ಕಿ, ಫಾರಂನ ಕ್ವೈಲ್ ಎಲ್ಲ ಸಿಗುತ್ತವೆ. ಆದರೆ ಅವೂ ಹಕ್ಕಿಗಳೇ. ಕೋಳಿ ಆಗದ ಬೆಕ್ಕಿಗೆ ಅವೂ ಆಗದೇ ಇರಬಹುದು.

ಉಳಿದದ್ದು ಎರಡು. ಮೇಕೆ ಮತ್ತು ಮೊಲ.

ಮೊಲದ ಮೇಲೆ ನನಗೆ ಆಸೆಯಿತ್ತು. ಹೊರದೇಶದಲ್ಲಿ ಬೆಕ್ಕಿಗೆ ಹಸಿ ಊಟ ಮಾಡುವವರಿಗೆ ಮೊಲ ಅಂದರೆ ಪ್ರಾಣ. ಇಲಿಗೆ ಹತ್ತಿರದ್ದು ಅಂತ ಅವರ ವಾದ. ಆದರೆ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಇಡೀ ಮೊಲವನ್ನು ಮೂಳೆ ಸಮೇತ ರುಬ್ಬಿ ತಿಂಗಳುಗಟ್ಟಲೆ ಬೆಕ್ಕುಗಳಿಗೆ ಕೊಟ್ಟು ನೋಡಿದ್ದಾರೆ. ಕೂದಲು ಹೊಳೆಯಿತು, ಹೊಟ್ಟೆ ಚೆನ್ನಾಯಿತು. ಆಮೇಲೆ ಒಂದು ಬೆಕ್ಕು ಹೃದಯದ ಕಾಯಿಲೆಯಿಂದ ಸತ್ತಿತು. ಮಾಂಸದಲ್ಲಿರುವ, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನೋ ಪೋಷಕಾಂಶ ಸಾಕಾಗಿರಲಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋತುಹೋಗುತ್ತದೆ ಅಂತ 1987ರಲ್ಲಿ ಕಂಡುಹಿಡಿದದ್ದೂ ಅದೇ ಡೇವಿಸ್‌ನವರು. ಇದನ್ನು ಓದಿದ ಮೇಲೆ, ಯಾವ ಮಾಂಸ ತಂದರೂ ಟಾರಿನ್ ಪುಡಿ ಬೆರೆಸದೆ ನಾನು ಡಬ್ಬಿ ಮುಚ್ಚುವುದಿಲ್ಲ. ಕೆಜಿಗೆ 2 ಗ್ರಾಂ. ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ.

ಮೊಲವನ್ನು ಮುಟ್ಟದೇ ಇರೋಕೆ ನಿಜವಾದ ಕಾರಣ ಬೇರೆ. ಡಾಕ್ಟ್ರು ಹೇಳಿದರು: "ಎಲ್ಲಾ ಮಾಂಸದ ರುಚಿ ಈಗಲೇ ತೋರಿಸಿಬಿಡಬೇಡಿ. ನಾಳೆ ಮೇಕೆಯೂ ಆಗಲಿಲ್ಲ ಅಂದ್ರೆ ಏನ್ ಮಾಡ್ತೀರಿ?" ಬಗೆಬಗೆಯ ಮಾಂಸ ಕೊಟ್ಟಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಒಂದು ಮಾಂಸವನ್ನು ಬೆಕ್ಕಿಗೆ ತೋರಿಸದೆ ಬಾಕಿ ಇಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ಆ ಬಾಕಿ ಮೊಲ. ಇವತ್ತಿಗೂ ತಂದಿಲ್ಲ.

ಮಂಡಿ ಮೊಹಲ್ಲಾದ ಮಟನ್ ಅಂಗಡಿಗೆ ಬೆಳಿಗ್ಗೆ ಆರೂವರೆಗೆ ಹೋಗುತ್ತೇನೆ. ಬಿಸಿಲು ಏರುವ ಮೊದಲು, ಆಗಷ್ಟೇ ನೇತುಹಾಕಿದ ಮಾಂಸ ಸಿಗುತ್ತದೆ. ಮೊದಲ ದಿನ ಭಾಯ್ ಕೇಳಿದರು, "ಬಿರಿಯಾನಿಗಾ ಅಕ್ಕಾ, ಸಾರಿಗಾ?"

"ಬೆಕ್ಕಿಗೆ."

ಕತ್ತಿ ಹಿಡಿದ ಕೈ ಹಾಗೇ ನಿಂತಿತು. "ಬೆಕ್ಕಿಗೆ ತೊಡೆ ಮಾಂಸಾನಾ?" ಆಮೇಲೆ ಒಳಗಿದ್ದ ತಮ್ಮನನ್ನೂ ಕರೆದು ತೋರಿಸಿದರು. ಈಗ ಅಭ್ಯಾಸವಾಗಿದೆ. ನನ್ನನ್ನು ನೋಡಿದರೆ ಗುಂಡಿಗೆಯನ್ನು ತೆಗೆದಿಡುತ್ತಾರೆ. ದಿನವಿಡೀ ದುಡಿಯುವ ಸ್ನಾಯುವಾದ್ದರಿಂದ ಗುಂಡಿಗೆಯಲ್ಲಿ ಟಾರಿನ್ ಚೆನ್ನಾಗಿರುತ್ತದೆ. ಕೋಳಿಯಲ್ಲೂ ಅಷ್ಟೇ, ಬ್ರೆಸ್ಟ್‌ಗಿಂತ ಲೆಗ್ ಪೀಸ್ ಮೇಲು.

ನಾನು ಕೇಳುವುದು ಮೂಳೆಯಿಲ್ಲದ ತೊಡೆ ಇಲ್ಲವೇ ಮುಂಗಾಲಿನ ಮೇಲ್ಭಾಗ, ಒಂದೇ ಉಂಡೆಯಾಗಿ. ಕೈಮಾ ಮಾಡಿಸುವುದಿಲ್ಲ. ಇದು ತುಂಬಾ ಮುಖ್ಯ. ಮಾಂಸದ ಕೊಳೆ ಇರುವುದು ಹೊರಮೈಯಲ್ಲಿ: ಕತ್ತಿ, ಕೈ, ಆ ಹುಣಸೆ ದಿಮ್ಮಿ, ನೊಣ. ಉಂಡೆಯ ಒಳಗೆ ಅಷ್ಟಾಗಿ ಇರುವುದಿಲ್ಲ. ಕೈಮಾ ಮೆಷಿನ್ನಿಗೆ ಹಾಕಿದ ತಕ್ಷಣ ಹೊರಗಿನದೆಲ್ಲ ಒಳಗೆ ಬೆರೆಯುತ್ತದೆ. ಬೆಳಗಿನಿಂದ ಆ ಮೆಷಿನ್ನಲ್ಲಿ ಹೋದ ಕೋಳಿಯ ಚೂರೂ ಬೆರೆಯುತ್ತದೆ, ಅಲ್ಲಿಗೆ ಅಲರ್ಜಿ ಪರೀಕ್ಷೆ ಮಣ್ಣುಪಾಲು. ನಾನು ಮನೆಗೆ ತಂದು ಉಂಡೆಯನ್ನು ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಸ್ವಂತ ಕತ್ತಿಯಲ್ಲಿ ಕಡಲೆಬೀಜದ ಗಾತ್ರಕ್ಕೆ ಹೆಚ್ಚುತ್ತೇನೆ. ಹಿಂದೊಮ್ಮೆ ಮೂಳೆ ಸಮೇತ ಕೋಳಿ ಕತ್ತನ್ನು ಮನೆಯ ಮಿಕ್ಸಿಗೆ ಹಾಕಿ ಮೋಟಾರು ಸುಟ್ಟುಕೊಂಡಿದ್ದೆ. ಅಲ್ಲಿಂದ ಮೂಳೆಯ ಸಹವಾಸ ಬಿಟ್ಟೆ.

ಮೊದಲ ದಿನ ಭೀಮನ ಮುಂದೆ ಬಟ್ಟಲಿಟ್ಟೆ. ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಮುಂಗಾಲಿನಿಂದ ನೆಲವನ್ನು ಪರಪರ ಕೆರೆದು ಬಟ್ಟಲಿನ ಮೇಲೆ ಇಲ್ಲದ ಮಣ್ಣು ಎಳೆಯತೊಡಗಿದ. ಕಕ್ಕಸು ಮುಚ್ಚುವ ಹಾಗೆ! ಎಂಟುನೂರು ರೂಪಾಯಿ ಕೆಜಿಯ ಮಾಂಸ. ಮೇಕೆಯ ಕೊಬ್ಬು ಫ್ರಿಜ್ಜಿನಲ್ಲಿ ಮೇಣದ ಹಾಗೆ ಗಟ್ಟಿಯಾಗುತ್ತದೆ, ನಾಲಿಗೆಗೆ ಅಂಟುತ್ತದೆ, ವಾಸನೆಯೂ ಬಿಡುವುದಿಲ್ಲ. ಕೋಳಿ ಕೊಬ್ಬು ಹಾಗಲ್ಲ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟೆ. ಬೆರಳಿಗೆ ಉಗುರುಬೆಚ್ಚಗೆ ಆದ ಮೇಲೆ ಮತ್ತೆ ಇಟ್ಟೆ. ಹಿಡಿದ ಇಲಿಯ ಮೈಯೂ ಬಿಸಿಯಾಗೇ ಇರುತ್ತದಲ್ವಾ? ಅರ್ಧ ತಿಂದ. ನಾಲ್ಕನೇ ದಿನಕ್ಕೆ ಪೂರ್ತಿ. ಈ ನಡುವೆ ಹಟ ಮಾಡಿ ಬೆಕ್ಕನ್ನು ಉಪವಾಸ ಹಾಕಬಾರದು. ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಅದರ ಲಿವರ್ ಕೆಡುತ್ತದೆ. ಮೈಸೂರಲ್ಲಿ ಬನ್ನೂರು ಕುರಿ ಸಿಗುತ್ತದೆ, ಅದನ್ನು ಯಾಕೆ ಕೊಡಲಿಲ್ಲ ಅಂತ ಕೇಳಬೇಡಿ. ಅದನ್ನು ನಾವು ತಿನ್ನುತ್ತೇವೆ.

ಮಾಂಸ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಇದು ನಾನು ತಪ್ಪು ಮಾಡಿ ಕಲಿತದ್ದು. ಕೋಳಿ ಊಟದಲ್ಲಿ ಕೆಜಿಗೆ 50 ಗ್ರಾಂ ಕೋಳಿ ಲಿವರ್ ಹಾಕುತ್ತಿದ್ದೆ. ಮೇಕೆಗೆ ಬಂದಾಗ ಅದೇ 50 ಗ್ರಾಂ ಮಟನ್ ಲಿವರ್ ಹಾಕಿದೆ. ಭೀಮನಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ, ಬೇರೆಯಾಗಿಯೂ ಎರಡು ಚೂರು ಕೈಯಿಂದ ಕೊಡುತ್ತಿದ್ದೆ. ಭೇದಿ ಶುರುವಾಯಿತು. ಆಡು, ಕುರಿಯ ಲಿವರಿನಲ್ಲಿ ಕೋಳಿ ಲಿವರಿಗಿಂತ ಸುಮಾರು ಎರಡು ಪಟ್ಟು ಎ ವಿಟಮಿನ್ ಇರುತ್ತದೆ ಅಂತ ಡಾಕ್ಟ್ರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ತಿಂಗಳುಗಟ್ಟಲೆ ಲಿವರನ್ನೇ ತಿಂದ ಬೆಕ್ಕುಗಳ ಕತ್ತಿನ ಮೂಳೆ ಒಂದಕ್ಕೊಂದು ಬೆಸೆದುಕೊಂಡು, ಕತ್ತು ತಿರುಗಿಸಲೂ ಆಗದ ಹಾಗೆ ಆಗುತ್ತದೆ. ಈಗ 25 ಗ್ರಾಂ, ತೂಕ ಹಾಕಿ.

ಕ್ಯಾಲ್ಸಿಯಂ ಇನ್ನೊಂದು. ಬರೀ ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗೇ ಕೊಟ್ಟರೆ ಬೆಕ್ಕಿನ ಮೈ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ, ಮರಿಗಳಾದರೆ ಕೆಲವೇ ವಾರಗಳಲ್ಲಿ ಕುಂಟುತ್ತವೆ. ಚಿಕ್ಕಿಗೆ ಮೊಟ್ಟೆ ಚಿಪ್ಪನ್ನು ಒಣಗಿಸಿ ನುಣ್ಣಗೆ ಪುಡಿ ಮಾಡಿ ಹಾಕುತ್ತೇನೆ. ಭೀಮನಿಗೆ ಕೋಳಿಯ ಸೋಂಕೇ ಬೇಡ ಅಂತ ಮೆಡಿಕಲ್ ಶಾಪಿನ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ. ಎರಡೂ ಕೆಜಿ ಮಾಂಸಕ್ಕೆ 6 ಗ್ರಾಂ. ಇ ವಿಟಮಿನ್, ಬಿ ಕಾಂಪ್ಲೆಕ್ಸ್, ಅಯೋಡಿನ್ ಇವೆಲ್ಲ ಡಾಕ್ಟ್ರು ಬರೆದುಕೊಟ್ಟ ಅಳತೆಯಲ್ಲಿ. ಅವನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ಬೆಕ್ಕಿಗೆ ನಿಮ್ಮ ಡಾಕ್ಟ್ರನ್ನೇ ಕೇಳಿ.

ಕತ್ತರಿಸಿದ ಮಾಂಸವನ್ನು ಹತ್ತು ದಿನ ಫ್ರೀಜರಿನಲ್ಲಿ ಇಟ್ಟ ಮೇಲೆಯೇ ಭೀಮನಿಗೆ ಕೊಡುತ್ತಿದ್ದೆ. ಆಡು, ಕುರಿಯ ಹಸಿ ಮಾಂಸದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಜೀವಿ ಇರಬಹುದು, ಬೆಕ್ಕಿನ ಹೇಲಿನಿಂದ ಬಸುರಿಗೆ ಅಂಟಿದರೆ ಹೊಟ್ಟೆಯ ಮಗುವಿಗೆ ಅಪಾಯ. ಚೆನ್ನಾಗಿ ಹೆಪ್ಪುಗಟ್ಟಿದ ಮಾಂಸದಲ್ಲಿ ಅದು ಕೆಲವು ದಿನಕ್ಕೆ ಸಾಯುತ್ತದೆ. ಬ್ಯಾಕ್ಟೀರಿಯಾ ಮಾತ್ರ ಸಾಯಲ್ಲ, ಮಲಗಿರುತ್ತದೆ ಅಷ್ಟೇ. ಏಳು ತಿಂಗಳ ಬಸುರಿ ತಂಗಿ ಬಂದು ಉಳಿದಾಗ ಮನೆಯಲ್ಲಿ ಹಸಿ ಮಾಂಸವನ್ನೇ ನಿಲ್ಲಿಸಿದೆ. ಮರಳಿನ ತಟ್ಟೆಯನ್ನು ಅವಳು ಮುಟ್ಟದ ಹಾಗೆ ನೋಡಿಕೊಂಡು ದಿನಾ ನಾನೇ ತೆಗೆದೆ. ಹೊಸದಾಗಿ ಬಿದ್ದ ಹೇಲಿನಿಂದ ಟಾಕ್ಸೊ ಅಂಟುವುದಿಲ್ಲ, ಅದಕ್ಕೆ ಒಂದು ದಿನವಾದರೂ ಬೇಕು. ಹಾಗಾಗಿ ದಿನಾ ತೆಗೆದರೆ ಅರ್ಧ ಭಯ ಹೋಯಿತು.

ಈಗ ಕೋಳಿಯ ವಿಷಯ. ಚಿಕ್ಕಿ ಹಸಿ ಕೋಳಿ ತಿಂದುಕೊಂಡು ಆರಾಮಾಗಿದ್ದಳು. 2024ರ ಡಿಸೆಂಬರಿನಲ್ಲಿ ಅಮೆರಿಕದ ಓರೆಗನ್‌ನಲ್ಲಿ ಮನೆಯೊಳಗೇ ಇರುವ ಬೆಕ್ಕೊಂದು ಫ್ರೀಜ್ ಮಾಡಿದ ಹಸಿ ಟರ್ಕಿ ತಿಂದು ಹಕ್ಕಿಜ್ವರದಿಂದ ಸತ್ತ ಸುದ್ದಿ ಓದಿದೆ. ದೂರದ ಮಾತು ಅಂದುಕೊಂಡೆ. ಅದೇ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ ಹುಲಿಗಳು ಸತ್ತದ್ದೂ ಇದೇ ಜ್ವರದಿಂದ ಅಂತ 2025ರ ಆರಂಭದಲ್ಲಿ ಗೊತ್ತಾಯಿತು, ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲೇ ಹಕ್ಕಿಜ್ವರದ ಎಚ್5ಎನ್1 ವೈರಸ್ ಸಿಕ್ಕಿತು. ಆಮೇಲೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಕೋಳಿಗಳಿಗೆ ಬಂತು. ಫ್ರೀಜರಿನಿಂದ ಈ ವೈರಸ್ಸಿಗೆ ಏನೂ ಆಗಲ್ಲ. ಬೇಯಿಸಿದರೆ ಮಾತ್ರ ಸಾಯುತ್ತದೆ. ಅವತ್ತೇ ಫ್ರೀಜರಿನಲ್ಲಿದ್ದ ಮೂರು ಡಬ್ಬಿ ಕೋಳಿಯನ್ನು ಕುಕ್ಕರಿಗೆ ಹಾಕಿದೆ. ಅಂದಿನಿಂದ ಹಕ್ಕಿ ಮಾಂಸ ಯಾವುದೂ ನಮ್ಮ ಮನೆಯಲ್ಲಿ ಹಸಿ ಇಲ್ಲ. ಡಾಕ್ಟ್ರು ಹೇಳಿದ ಉಳಿದರ್ಧ ಮಾತು ಅದು. ಮೂಳೆ ಬಿಡಿಸಿ ಬೇಯಿಸುತ್ತೇನೆ, ಬೆಂದ ಮೂಳೆ ಚೂಪಾಗಿ ಸೀಳುತ್ತದೆ. ಬೆಂದ ನೀರನ್ನು ಚೆಲ್ಲುವುದಿಲ್ಲ, ಟಾರಿನ್ ಅದರಲ್ಲೇ ಇಳಿದಿರುತ್ತದೆ. ಅರಿಶಿನ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ. ನಾಟಿ ಕೋಳಿ ತರುವಾಗ ಸುಟ್ಟು ಅರಿಶಿನ ಹಚ್ಚಬೇಡಿ ಅಂತ ಮೊದಲೇ ಹೇಳಬೇಕು, ಇಲ್ಲವಾದರೆ ಅಭ್ಯಾಸಬಲದಿಂದ ಹಚ್ಚಿಬಿಡುತ್ತಾರೆ.

ಎಂಟನೇ ವಾರಕ್ಕೆ ಭೀಮನ ಗದ್ದದ ಕೆಳಗೆ ಹೊಸ ಕೂದಲು, ಬೂದು ಬಣ್ಣದ ಮೆತ್ತನೆ ಹುಲ್ಲಿನ ಹಾಗೆ. ಪರೀಕ್ಷೆಗೆ ಅಂತ ಒಂದು ಚಮಚ ಬೆಂದ ಕೋಳಿ ಕೊಟ್ಟೆ. ಮೂರನೇ ದಿನ ಕಿವಿ ಮುಂದೆ ಕೆರೆಯತೊಡಗಿದ. ಅಲ್ಲಿಗೆ ಖಚಿತವಾಯಿತು.

ಈಗ ಅವನಿಗೆ ದಿನಕ್ಕೆ 140 ಗ್ರಾಂ ಮೇಕೆ, ಎರಡು ಹೊತ್ತಿಗೆ. ತಿಂಗಳಿಗೆ ನಾಲ್ಕು ಕೆಜಿ ಮೇಲೆ ಬೀಳುತ್ತದೆ, ಖರ್ಚು ಕೋಳಿಯ ಮೂರರಷ್ಟು. ಚಿಕ್ಕಿಗೆ ಕೋಳಿಯೇ, ನಡುನಡುವೆ ಬೇಯಿಸಿದ ಒಂದು ತುಂಡು ಮೀನು. ಕಷ್ಟವಿರುವುದು ಊಟದ ಹೊತ್ತಿನಲ್ಲಿ. ಭೀಮನಿಗೆ ಇಂದಿಗೂ ತನ್ನ ಮೇಕೆಗಿಂತ ಅವಳ ಕೋಳಿಯ ಮೇಲೇ ಕಣ್ಣು. ಅದಕ್ಕೆ ಅವನ ಬಟ್ಟಲು ಬಚ್ಚಲಮನೆಯಲ್ಲಿ. ಚಿಕ್ಕಿ ಅಡುಗೆಮನೆಯಲ್ಲಿ ತಿಂದು, ನಾನು ಅವಳ ಬಟ್ಟಲು ತೊಳೆದು ಬೋರಲು ಹಾಕುವವರೆಗೆ ಬಾಗಿಲು ತೆಗೆಯುವುದಿಲ್ಲ. ಒಳಗಿನಿಂದ ಅವನು ಕೂಗುತ್ತಲೇ ಇರುತ್ತಾನೆ.